ಕೊನೆಯಿಂದ ಕಟ್ಟಿದ ಪಾಠ

...ಅಯ್ಯೋ, ಆ ಚಮಚ ಕೊಡು ಇಲ್ಲಿ! ಪೂರ್ತಿ ಹೇಳೋಕಾದ್ರೂ ಬಿಡ್ತೀಯಾ? ಬಾಯಿ ತೆಗೆಯೋದೇ ತಡ, ಲೋಟಕ್ಕೆ ಟಣ್ ಅನ್ನಿಸ್ತೀಯಲ್ಲ! ನಾನೇನಂದೆ ಅಂಥಾದ್ದು? ಲಿಫ್ಟ್ ಮಧ್ಯದಲ್ಲಿ ನಿಂತಾಗ ಒಳಗೊಂದು ಮಗು ಹುಟ್ತು, ನಾವು ಬಾಗಿಲು ಬಿಚ್ಚೋ ಹೊತ್ತಿಗೆ ಅದು ನಡ್ಕೊಂಡೇ ಹೊರಗೆ ಬಂತು ಅಂದೆ. ರಿಪೇರಿ ಸ್ವಲ್ಪ ತಡ ಆಯ್ತು, ಏನ್ಮಾಡೋದು?

ಯಾಕೆ ನಗ್ತೀಯಾ? ಅರ್ಧ ಬಾಯಲ್ಲಿ ನಕ್ಕರೂ ಗೇಲಿ ಮಾತ್ರ ಪೂರ್ತಿ ಇರುತ್ತೆ ನಿಂದು.

ಇದು ಪಾಠ ಕಣೇ, ಹರಟೆ ಅಲ್ಲ. ನಮ್ಮ ತರಬೇತಿ ಕೇಂದ್ರಕ್ಕೆ ಪಾಠ ಹೇಳೋ ಹೊಸ ಮಾದರಿ ಬಂದಿದೆ ಅಂದಿದ್ನಲ್ಲ... ಮೊದಲೆಲ್ಲ ನಾನು ಬೋರ್ಡ್ ಮುಂದೆ ನಿಂತು ಲಿಫ್ಟ್ ರಿಪೇರಿ ಬಗ್ಗೆ ಕೊರೀತಿದ್ದೆ, ಕಲಿಯೋಕೆ ಬಂದವರು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ರು. ಈಗ ಹಾಗಿಲ್ಲ. ಈಗ ಪಾಠನ ಕೊನೆಯಿಂದ ಕಟ್ಟಬೇಕಂತೆ. ಕಲಿಯೋರಿಗೆ ಕಡೆಗೆ ಏನು ಬರಬೇಕು, ಅದನ್ನ ಮೊದಲು ಗೊತ್ತು ಮಾಡ್ಕೊ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿ. ಇನ್ನೊಂದಿದೆ, ಕೇಳು... ಬೇಕಂತಲೇ ತಪ್ಪು ಹೇಳು. ಹೇಳಿ ಸುಮ್ಮನಿರು! ತಪ್ಪು ಕಿವಿಗೆ ಬಿದ್ರೆ ಮನುಷ್ಯನಿಗೆ ತಡ್ಕೊಳ್ಳೋಕಾಗಲ್ಲ, ಬಾಯಿ ಬಿಟ್ಟೇ ಬಿಡ್ತಾನೆ. ಇದರಲ್ಲಿ ಅನುಭವ ಇದೆಯಾ ಅಂತ ಕೇಳಿದ್ರು ನಮ್ಮ ಸಾಹೇಬ್ರು. ಮದುವೆ ಆದಾಗಿನಿಂದ ಅದನ್ನೇ ಮಾಡ್ತಿದೀನಿ ಸಾರ್ ಅಂದೆ!

ಮತ್ತೆ? ನೀನು ಇಡೀ ದಿನ ಪ್ರೆಸ್ಸಲ್ಲಿ ಪ್ರೂಫ್ ಹಿಡ್ಕೊಂಡು ಕೂತು ಊರವರ ತಪ್ಪೆಲ್ಲ ತಿದ್ದಿ ಬರ್ತಿದ್ದೆ, ಸಂಜೆ ಆದ್ರೆ ನನ್ನ ಸರದಿ. ನೆಂಟರ ಮುಂದೆ ನಾನೊಂದು ಕತೆ ಶುರು ಮಾಡಿದ್ರೆ ಸಾಕು, ಅಡುಗೆಮನೆಯಿಂದ್ಲೇ "ಸುಳ್ಳು!" ಅಂತ ಕೂಗು. ಆ ಕೂಗು ಕೇಳೋಕೇ ಅರ್ಧ ಕತೆ ಹೊಸೀತಿದ್ದೆ ನಾನು... ನಿಜವಾಗ್ಲೂ.

ಅದಕ್ಕೇ ನಿನ್ನ ಪಾಠದ ಕೊನೇಲಿ ಆ ಒಂದು ಮಾತನ್ನೇ ಇಟ್ಟಿದೀನಿ. ನೀರು ಅನ್ನೋದು ಬೇಡ, ಊಟ ಅನ್ನೋದು ಬೇಡ, ನನ್ನ ಕರೆಯೋದೂ ಬೇಡ. "ಸುಳ್ಳು" ಅನ್ನು, ಸಾಕು. ಆ ಹಾಳು ಸ್ಟ್ರೋಕು ನಿನ್ನ ಬಲಗೈ ಜೊತೆ ಎಷ್ಟು ಮಾತು ಎತ್ಕೊಂಡು ಹೋಯ್ತೋ, ಅದರಲ್ಲಿ ಇದೊಂದು ವಾಪಸ್ ಬಂದ್ರೆ ಉಳಿದವು ಬಾಲ ಹಿಡ್ಕೊಂಡು ಹಿಂದೇನೇ ಬರ್ತವೆ.

ಕೈ ಚಾಚಬೇಡ, ಸುಳ್ಳು ಅನ್ನೋ ಬದಲು ಟಣ್ ಅನ್ನಿಸೋಕೆ ಚಮಚ ಕೊಡಲ್ಲ. ಇವತ್ತಿಂದ ಆಸರೆ ತೆಗೆಯೋ ಹಂತ. ಹೊಸಬರಿಗೆ ಮೊದಲು ಕೈ ಹಿಡಿದು ಕಲಿಸ್ತೀವಿ, ಆಮೇಲೆ ಮೆಲ್ಲಗೆ ಬಿಡ್ತೀವಿ. ಎಲ್ಲಿ, ಬಾಯಲ್ಲಿ ಹೇಳು. ಶುರು ಮಾಡ್ಲಾ?

ಇವತ್ತು ನಾನು ಹಾಲು ಉಕ್ಕಿಸಲೇ ಇಲ್ಲ.

ಏನದು? ಮಂಚದ ಸರಳಿಗೆ ಉಗುರಲ್ಲಿ ಟಕ್! ಮೋಸ, ಮೋಸ! ಒಲೆ ಕಡೆ ಬೇರೆ ನೋಡ್ತೀಯಾ... ಆಯ್ತಮ್ಮ, ಉಕ್ಕಿತು. ನಿನ್ನ ತಂಗಿ ಫೋನ್ ಮಾಡಿ ನನ್ನ ತುಂಬಾ ಹೊಗಳಿದ್ಲು... ಅಬ್ಬಾ, ಎಷ್ಟು ಬೇಗ! ನನ್ನ ತಲೇಲಿ ಒಂದೂ ಬಿಳಿ ಕೂದಲಿಲ್ಲ. ಟಕ್ ಟಕ್? ಎರಡು ಯಾಕೆ? ಓ... ಬಣ್ಣ ಹಚ್ಕೊಂಡಿದ್ದಕ್ಕೂ ಒಂದಾ!

ಬಾಯಲ್ಲಿ ಕಣೇ, ಬಾಯಲ್ಲಿ. ಸು... ತುಟಿ ಮುಂದೆ ತಾ. ಹಾಂ, ಹಾಗೇ. ಸು... ಪರವಾಗಿಲ್ಲ, ಪರವಾಗಿಲ್ಲ. ಬರುತ್ತೆ. ಬರದೆ ಎಲ್ಲಿಗೆ ಹೋಗುತ್ತೆ? ಡಾಕ್ಟರು ನನ್ನ ಒಬ್ಬನ್ನೇ ಒಳಗೆ ಕರೆದು ಹೇಳಿದ್ರಲ್ಲ, ವರ್ಷ ತಿರುಗೋದ್ರೊಳಗೆ ಮೊದಲಿನ ಹಾಗೇ ಮಾತಾಡ್ತೀಯಂತೆ. ಗ್ಯಾರಂಟಿ ಅಂದ್ರು! ಕೈ ಕುಲುಕಿ ಅಂದ್ರು.

...ಹೂಂ?

ಉಗುರು ನೋವಾಯ್ತಾ?

ಕೇಳಿಸ್ಲಿಲ್ವೇನೋ. ಮೊದಲಿನ ಹಾಗೇ, ಗಲಗಲ ಅಂತ... ಡಾಕ್ಟರೇ ಹೇಳಿದ್ದು.

ಹಾಗೆ ನೋಡಬೇಡ ನನ್ನ. ಲಿಫ್ಟಿನ ಮಗುನ ಬಿಡ್ಲಿಲ್ಲ, ಉಕ್ಕಿದ ಹಾಲನ್ನ ಬಿಡ್ಲಿಲ್ಲ, ನನ್ನ ಕೂದಲನ್ನೂ ಬಿಡ್ಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಒಂದು ಸುಳ್ಳನ್ನೂ ಸುಮ್ಮನೆ ಬಿಟ್ಟವಳಲ್ಲ ನೀನು... ಇದೊಂದನ್ನ ಯಾಕೆ ಬಿಡ್ತಾ ಇದೀಯಾ?

ಆವತ್ತು... ಆಸ್ಪತ್ರೇಲಿ... ಡಾಕ್ಟರ ಕೋಣೆ ಬಾಗಿಲು ಸರಿಯಾಗಿ ಹಾಕಿರ್ಲಿಲ್ವಾ ಕಣೇ? ಅವರಂದಿದ್ದು ನಿಂಗೂ ಕೇಳಿಸ್ತಾ?

ಬೇಡ. ನನ್ನ ಕಣ್ಣು ಒರೆಸಬೇಡ. ತಗೋ, ಚಮಚ ತಗೋ. ಪಾಠ ಹಾಳಾದ್ರೆ ಹಾಳಾಗ್ಲಿ. ಇಗೋ ಲೋಟ, ಇಲ್ಲೇ ಹಿಡ್ಕೊಂಡಿದೀನಿ... ತಟ್ಟು.

ತಟ್ಟೇ, ಒಂದೇ ಒಂದು ಸಲ...