ಟ್ಯಾಬಿನಲ್ಲಿ ಕಂಡ ಕುರಿ ರೊಪ್ಪ

ನಮ್ಮ ಪಕ್ಕದ ಮನೆ ದಾಸಮ್ಮನ ಗಂಡ ಚಿಕ್ಕರಾಜುಗೆ ಆದದ್ದು ಇದು. ಹೋದ ಚಳಿಗಾಲ. ತಿಪ್ಪಸಂದ್ರದಲ್ಲಿ ಕೊನೇ ಬಸ್ಸಿಳಿದು ಒಬ್ಬನೇ ಊರ ಕಡೆ ನಡೀತಿದ್ದ. ಹೆಗಲ ಬ್ಯಾಗಿನಲ್ಲಿ ಮಗಳು ಮಾನ್ಯಳ ಹಳೇ ಟ್ಯಾಬು.

ಕೊರೊನಾ ಕಾಲದಲ್ಲಿ ಪಾಠ ಕೇಳೋಕೆ ಅಂತ ತಂದ ಟ್ಯಾಬು ಅದು. ಈಗ ಅದಕ್ಕೆ ಬೇರೆ ಕೆಲಸ. ಊರಾಚೆ ಹೊಲದಲ್ಲಿ ಇವರ ಕುರಿ ರೊಪ್ಪ. ಚಿರತೆ ಕಾಟ ಅಂತ ಅವನ ಅಪ್ಪ ಪುಟ್ಟಲಿಂಗಯ್ಯ, ಎಪ್ಪತ್ತು ದಾಟಿದ ಮನುಷ್ಯ, ದಿನಾ ಅಲ್ಲೇ ಹಗ್ಗದ ಮಂಚ ಹಾಕ್ಕೊಂಡು ಮಲಗುತ್ತಿದ್ದ. ಅಪ್ಪನನ್ನ ಆ ಚಳಿಯಿಂದ ಬಿಡಿಸಿ ಮನೆಗೆ ಕರ್ಕೊಂಡು ಬರಬೇಕು ಅಂತಲೇ ಚಿಕ್ಕರಾಜು ರೊಪ್ಪದ ಕಂಬಕ್ಕೆ ಕ್ಯಾಮೆರಾ ಹಾಕಿಸಿದ್ದು. ಮನೇಲಿ ಕೂತು ಟ್ಯಾಬಲ್ಲಿ ನೋಡ್ಕೊಬಹುದು. ಆದರೆ ವಿಡಿಯೋ ಬರಬೇಕಲ್ಲ? ಕಪ್ಪು ಪರದೆ, ನಡುವೆ ಸುತ್ತೋ ಬಿಳೀ ಉಂಗುರ... ಹದಿನೈದು ದಿನ ಅದೇ.

ಕೊನೆಗೆ ಮಾಗಡಿಗೆ ಹೋಗಿ, ಮೊಬೈಲ್ ರಿಪೇರಿ ಮಾಡೋ ಸಾಬೀರ್ ಮುಂದೆ ಇಟ್ಟ.

"ಆಪ್ ಹಳೇದಾಗಿತ್ತು ಅಣ್ಣ, ಹೊಸದು ಹಾಕಿದೀನಿ," ಅಂದ ಸಾಬೀರ್. "ಕ್ವಾಲಿಟಿನೂ ಕಮ್ಮಿ ಮಾಡಿದೀನಿ. ನೆಟ್ ಒಸಿ ಇದ್ರೂ ಓಡ್ತೈತೆ. ಲೈವ್ ಅಂದ್ರೂ ಎರಡು ಮೂರು ಸೆಕೆಂಡ್ ಲೇಟಾಗಿ ಬತ್ತೈತೆ, ಗಾಬರಿ ಆಗ್ಬೇಡಿ."

ಅಂಗಡೀಲಿ ರೊಪ್ಪ ಚೆನ್ನಾಗೇ ಕಾಣ್ತು. ಬಸ್ಸಲ್ಲಿ ಮತ್ತೆ ಉಂಗುರ.

ಊರಿಗೆ ಅರ್ಧ ದಾರೀಲಿ ಒಂದು ಪಾಳುಬಾವಿ, ಅದರ ಮೇಲೆ ಬಾಗಿದ ಆಲದ ಮರ. ದಿಣ್ಣೆ ಜಾಗ. ಆ ದಾರೀಲಿ ಸಿಗ್ನಲ್ ಸರಿಯಾಗಿ ಸಿಗೋದು ಅಲ್ಲಿ ಮಾತ್ರ. ಚಿಕ್ಕರಾಜು ನಿಂತ. ಮೊಬೈಲಲ್ಲಿ ಹಾಟ್‌ಸ್ಪಾಟ್ ಒತ್ತಿ, ಟ್ಯಾಬು ತೆಗೆದ. ಉಂಗುರ ಸುತ್ತಿತು... ಸುತ್ತಿತು...

ಬಾವಿಯೊಳಗೆ 'ಪ್ಳಕ್' ಅಂತು.

ವಿಡಿಯೋ ಓಡಿತು.

ರಾತ್ರಿ ಕ್ಯಾಮೆರಾ, ಎಲ್ಲ ಬೂದಿ ಬಣ್ಣ. ಕುರಿಗಳು ಎದ್ದು ನಿಂತಿದ್ದವು. ಗುಂಪಾಗಿ ಅಲ್ಲ... ಸಾಲಾಗಿ. ಒಂದರ ಹಿಂದೆ ಒಂದು. ಸಾಲಿನ ಮುಂದೆ ಒಬ್ಬ ಉದ್ದನೆ ಆಳು, ಬೆನ್ನು ಈ ಕಡೆಗೆ. ಕೈಯಲ್ಲಿ ಮಚ್ಚು. ಮೊದಲನೇ ಕುರಿ ತಾನಾಗೇ ಕತ್ತು ಚಾಚಿತು.

'ಕಚಕ್.'

ತಲೆ ಉರುಳಿತು. ರಕ್ತ ಕಪ್ಪಗೆ ಚಿಮ್ಮಿ ತಡಿಕೆಗೆ ಬಡೀತು. ಮುಂಡ ಇನ್ನೂ ಕಾಲು ಝಾಡಿಸುತ್ತಿತ್ತು. ಹಿಂದಿನ ಕುರಿ ಅದನ್ನೇ ತುಳಿದುಕೊಂಡು ಮುಂದೆ ಬಂದು ಕತ್ತು ಚಾಚಿತು. 'ಕಚಕ್.' ಮತ್ತೊಂದು. ಒಂದೂ ಅರಚಲಿಲ್ಲ.

ಎಲ್ಲ ಮುಗಿದ ಮೇಲೆ ಆ ಆಳು ಮಂಚದ ಹತ್ತಿರ ಹೋದ. ಮಂಚದ ಮೇಲೆ ಕಂಬಳಿ ಹೊದ್ದ ಆಕಾರ. ಮಚ್ಚು ಎತ್ತಿದ. ಒಂದೇಟು. ಎರಡೇಟು. ಕಂಬಳಿ ಒಳಗೆ ಕಾಲು ಬಿಗಿದು ಸೆಟೆದು... ಸಡಿಲ ಆಯ್ತು. ಆಮೇಲೂ ಕೊಚ್ಚುತ್ತಲೇ ಇದ್ದ.

"ಅಪ್ಪೋ..." ಅಂದ ಚಿಕ್ಕರಾಜು.

ಆಗ ವಿಡಿಯೋ ಮೂಲೇಲಿದ್ದ ಟೈಮು ಕಣ್ಣಿಗೆ ಬಿತ್ತು. ಹತ್ತು ಐವತ್ತೆರಡು. ಟ್ಯಾಬಿನ ಮೇಲ್ಗಡೆ ನೋಡಿದ. ಹತ್ತು ಮೂವತ್ತೆಂಟು. ಮೊಬೈಲ್ ನೋಡಿದ. ಹತ್ತು ಮೂವತ್ತೆಂಟೇ.

ಓಡಿದ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಜಾಲಿ ಮುಳ್ಳು ನೆಟ್ಟು ಪಾದ ಹರೀತು. ನಿಲ್ಲಲಿಲ್ಲ.

ರೊಪ್ಪದಲ್ಲಿ ಕುರಿಗಳು ಮಲಗಿ ಮೆಲುಕು ಹಾಕ್ತಿದ್ದವು. ಅಪ್ಪ ಗೊರಕೆ ಹೊಡೀತಿದ್ದ.

"ಅಪ್ಪ, ಏಳು... ಮಾತಾಡ್ಬೇಡ."

"ಏನ್ಲಾ? ಚಿರತೆ ಬಂತಾ?"

"ಚಿರತೆ ಅಲ್ಲ. ಏಳಪ್ಪ."

"ಕುರಿ ಬುಟ್ಟು ಎಲ್ಲಿಗ್ಲಾ ಬರ್ಲಿ? ಅವುನ್ನೂ ಹೊಡ್ಕೊಂಡ್ ಹೋಗಾನ."

ಚಿಕ್ಕರಾಜು ಗೇಟು ತೆಗೆದ. ಹುಷ್ ಹುಷ್ ಅಂದ. ಕುರಿಗಳು ಎದ್ದವು. ಹೊರಗೆ ಬರಲಿಲ್ಲ. ಒಂದರ ಹಿಂದೆ ಒಂದು... ಸಾಲಾಗಿ ನಿಂತವು.

ಅಪ್ಪನನ್ನ ಹೆಗಲ ಮೇಲೆ ಹಾಕ್ಕೊಂಡು ಹೋಗಿ ಹುಲ್ಲಿನ ಮೆದೆ ಹಿಂದೆ ಕೆಡವಿದ. ಟ್ಯಾಬು ನೋಡಿದರೆ ಮತ್ತೆ ಅದೇ ಉಂಗುರ. ಬೆಳಕು ಕಾಣದ ಹಾಗೆ ಬೋರಲು ಹಾಕಿದ.

'ಕಚಕ್.'

"ನನ್ ಕುರಿ ಕಣ್ಲಾ!" ಅಪ್ಪ ಮೇಲೇಳೋಕೆ ಹೋದ. ಚಿಕ್ಕರಾಜು ಎದೆ ಮೇಲೆ ಮಂಡಿ ಊರಿ, ಬಾಯಿ ಅದುಮಿ ಹಿಡಿದ. ಅಪ್ಪ ಕಚ್ಚಿದ. ಅಂಗೈ ಮಾಂಸ ಕಿತ್ತು ಬಂತು, ರಕ್ತ ಅಪ್ಪನ ಗಡ್ಡದ ಮೇಲೆ ಇಳೀತು. ಕೈ ಬಿಡಲಿಲ್ಲ. ಆ ಕಡೆ 'ಕಚಕ್'... 'ಕಚಕ್'... ಹದಿಮೂರು ಸಲ.

ಆಮೇಲೆ ಸದ್ದಿಲ್ಲ.

ಆಮೇಲೆ ಹಗ್ಗದ ಮಂಚ 'ಕಿರ್ರ್' ಅಂತು. ಯಾರೋ ಮಲಗಿದ ಹಾಗೆ.

'ಥಡ್.'

ಪ್ರತಿ ಏಟಿಗೂ ಮಂಡಿ ಕೆಳಗೆ ಅಪ್ಪನ ಮೈ ಅದುರುತ್ತಿತ್ತು. ಅವನು ಕಚ್ಚೋದು ಬಿಟ್ಟಿದ್ದ. ಮಗನ ಅಂಗಿ ಗಟ್ಟಿಯಾಗಿ ಹಿಡ್ಕೊಂಡಿದ್ದ.

ತುಂಬಾ ಹೊತ್ತು ಬಿಟ್ಟು ಚಿಕ್ಕರಾಜು ಪಕ್ಕದ ಹೊಲದ ಚಲುವಯ್ಯನಿಗೆ ಫೋನ್ ಮಾಡಿದ. ಚಲುವಯ್ಯ ಬಂದು ರೊಪ್ಪಕ್ಕೆ ಟಾರ್ಚ್ ಬಿಟ್ಟ. ಹಿಮ್ಮಡಿ ಮುಳುಗೋವಷ್ಟು ರಕ್ತ. ಅಪ್ಪನ ಕಂಬಳಿ ಚಿಂದಿಯಾಗಿತ್ತು. ಅದರೊಳಗೆ ತುಂಡು ತುಂಡಾಗಿ ಒಂದು ದೊಡ್ಡ ಟಗರು.

ಬೆಳಗ್ಗೆ ಮಾಗಡಿಯಿಂದ ದನದ ಡಾಕ್ಟ್ರು ಬಂದರು. ಯಾರೋ ಚಿರತೆ ಅಂದಿದ್ದಕ್ಕೆ, "ಚಿರತೆ ಹಿಂಗೆ ಕತ್ತರಿಸಲ್ಲ," ಅಂದರು. ನೆಲದ ಮೇಲೆ ಬಿದ್ದಿದ್ದ ಹದಿಮೂರರ ಕಿವಿಯಲ್ಲೂ ಸರ್ಕಾರದವರು ಹಾಕೋ ನಂಬರಿನ ಓಲೆ ಇತ್ತು. ಚಿಕ್ಕರಾಜು ಹತ್ತಿರ ಇದ್ದದ್ದೇ ಹದಿಮೂರು. ಮಂಚದ ಮೇಲಿನ ಟಗರಿಗೆ ಓಲೆಯಿಲ್ಲ. ಸುತ್ತಮುತ್ತಲ ಊರಲ್ಲೆಲ್ಲ ವಿಚಾರಿಸಿದರು. ಯಾರ ಟಗರೂ ಕಳೆದಿರಲಿಲ್ಲ.

ಸುಳ್ಳು ಅನ್ನಬೇಡಿ. ಎಲ್ಲವನ್ನೂ ಹೂಳೋಕೆ ಗುಂಡಿ ತೋಡಿದವರಲ್ಲಿ ನಮ್ಮಣ್ಣನೂ ಒಬ್ಬ. ಆ ಟಗರನ್ನ ಕಾಲು ಹಿಡಿದು ಎಳೆದವನೇ ಅವನು. ಎರಡು ಸುತ್ತು ಸುತ್ತಿದ ಕೊಂಬು, ಸವೆದ ಹಲ್ಲು, ವಯಸ್ಸಾದ ಟಗರು ಅದು. ಗೊರಸು ಮಾತ್ರ ಆಗಷ್ಟೇ ಹುಟ್ಟಿ ಇನ್ನೂ ನೆಲ ತುಳಿಯದ ಮರಿಯದ್ದರ ಹಾಗೆ ಮೆತ್ತಗಿತ್ತಂತೆ.