ಹನ್ನೊಂದನೆಯ ಸುತ್ತು

“ರಾತ್ರಿ ಹೊತ್ತು ಯಾರರ ಕರದ್ರ, ಮೂರನೇ ಸಲಕ್ಕ ಓ ಅನ್ನಬೇಕು.”

ಕುಬಿಹಾಳದ ನಮ್ಮ ಮನೆಯಲ್ಲಿ ಅಜ್ಜಿ ಸಾವಕ್ಕ ಈ ಮಾತು ಹೇಳದೆ ನಮ್ಮನ್ನು ಮಲಗಿಸಿದ ರಾತ್ರಿ ನನಗೆ ನೆನಪಿಲ್ಲ. ಸತ್ತವರಿಗೆ ಎರಡು ಸಲಕ್ಕಿಂತ ಹೆಚ್ಚು ಕರೆಯಲು ಆಗುವುದಿಲ್ಲವಂತೆ. ಹಾಗಾಗಿ ನಮ್ಮೂರಿನಲ್ಲಿ ಕತ್ತಲಾದ ಮೇಲೆ ಕಡ್ಡಿಪೆಟ್ಟಿಗೆ ಕೇಳಲು ಬಂದವರು ಕೂಡ ಅಂಗಳದಲ್ಲಿ ನಿಂತು ಮೂರು ಸಲ ಕೂಗುತ್ತಾರೆ. ಒಳಗಿನವರು ಎಣಿಸಿ, ಮೂರನೆಯದಕ್ಕೆ ಏಳುತ್ತಾರೆ. ಚಿಕ್ಕವನಿದ್ದಾಗ ನಾನೊಮ್ಮೆ ಕೇಳಿದ್ದೆ: ಬದುಕಿರುವವನಿಗೇ ಮೂರನೆಯ ಸಲ ಕೂಗುವ ತ್ರಾಣ ಇಲ್ಲದಿದ್ದರೆ? ಅಜ್ಜಿ ನನ್ನ ಮುಖದ ಮೇಲೆ ಕೌದಿ ಎಳೆದು, ಸುಮ್ಮನೆ ಮಲಗು ಎಂದಿದ್ದಳು.

ಸ್ವಲ್ಪ ಹತ್ತಿರ ಬನ್ನಿ. ಇದು ಜೋರಾಗಿ ಹೇಳುವ ಸಂಗತಿಯಲ್ಲ. ನಡೆದದ್ದು ನನ್ನ ದೊಡ್ಡಪ್ಪನ ಮಗ ಬೀರೇಶಣ್ಣನಿಗೆ. ಹೋದ ವರ್ಷ, ದೀಪಾವಳಿ ಕಳೆದು ಎಂಟನೆಯ ದಿನ. ಬಾಜು ನಡೆಯುತ್ತಿದ್ದವನು ನಾನು.

ಬೀರೇಶಣ್ಣ ಸೈನ್ಯದಲ್ಲಿ ಹವಾಲ್ದಾರ. ಉತ್ತರದ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಹೊಸ ಹುಡುಗರಿಗೆ ಕವಾಯತು ಕಲಿಸುತ್ತಾನೆ. ಅವರು ಅವನನ್ನು ಕರೆಯುವುದು ‘ಉಸ್ತಾದ್’ ಎಂದು. ಆ ಸಲ ರಜೆಗೆ ಬಂದಾಗ ಅವನು ಅವನಾಗಿರಲಿಲ್ಲ. ಊಟಕ್ಕೆ ಕರೆದರೂ ಮೊದಲ ಕೂಗಿಗೇ ಎದ್ದು ನೆಟ್ಟಗೆ ನಿಲ್ಲುತ್ತಿದ್ದ. “ನಮ್ಮ ಹೋರಿಗೆ ಇದರಾಗಿನ ಅರ್ಧ ಕಲಿಸಿದ್ರ ಸಾಕಿತ್ತು, ನೊಗಾ ತಾನ ಹೊತಗೊಂಡು ಬರ್ತಿತ್ತು,” ಎಂದು ಅಜ್ಜಿ ಚೇಷ್ಟೆ ಮಾಡಿದರೆ ಎಲ್ಲರೂ ನಗುತ್ತಿದ್ದರು, ಅವನೊಬ್ಬನನ್ನು ಬಿಟ್ಟು. ರಾತ್ರಿ ನೀರಿಗೆಂದು ಎದ್ದವನು ತುಂಬಿದ ತಂಬಿಗೆ ಹಿಡಿದು, ಕುಡಿಯದೆ, ಬಹಳ ಹೊತ್ತು ನಿಂತಿರುತ್ತಾನೆ ಎಂದು ಅವನ ಹೆಂಡತಿ ಸವಿತಾ ವೈನಿ ನನ್ನ ಬಳಿ ಹೇಳಿ ಕಣ್ಣೊರೆಸಿಕೊಂಡಿದ್ದರು.

ಆ ದಿನ ಅಣ್ಣನೂ ನಾನೂ ಕುಂದಗೋಳಕ್ಕೆ ಹೋಗಿದ್ದೆವು, ಕೆಲಸ ಮುಗಿಯುವುದು ತಡವಾಯಿತು. ಊರೊಳಗೆ ಬರುವ ಬಸ್ಸು ತಪ್ಪಿ, ಬೇರೆ ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದೆವು. ಅಲ್ಲಿಂದ ಎರಡು ಕಿಲೋಮೀಟರು ನಡಿಗೆ. ಎರಡೂ ಕಡೆ ಹತ್ತಿಯ ಹೊಲ. ಬೆಳದಿಂಗಳು ಮಂಕಾಗಿತ್ತು. ಹಾದಿಯಲ್ಲಿ ಯಾರೂ ಇರಲಿಲ್ಲ ಎಂಬ ಧೈರ್ಯಕ್ಕೋ ಏನೋ, ಅವನು ತಾನಾಗಿಯೇ ಬಾಯಿಬಿಟ್ಟ.

ಎರಡು ತಿಂಗಳ ಹಿಂದೆ ಅವನ ಕೈಕೆಳಗೆ ಸಂಗನಬಸವ ಎಂಬ ಹುಡುಗನಿದ್ದ. ಅಣ್ಣಿಗೇರಿ ಕಡೆಯವನು. ಕವಾಯತು ಮೈದಾನದಲ್ಲಿ ಊರ ಮಾತು ಆಡಕೂಡದು ಎಂಬ ಕಟ್ಟಪ್ಪಣೆಯಿದ್ದರೂ ಅವನ ನಾಲಗೆ ಕೇಳುತ್ತಿರಲಿಲ್ಲ. ‘ಉಸ್ತಾದ್’ಗೆ ಒಂದು ‘ರೀ’ ಸೇರಿಸಿಯೇ ಕರೆಯುತ್ತಿದ್ದನಂತೆ. ಒಂದು ದಿನ ಹಾಜರಿಗೆ ನಾಲ್ಕು ನಿಮಿಷ ತಡವಾಗಿ ಬಂದ. ಮೇಲಿನ ಸಾಹೇಬರು ಶಿಕ್ಷೆ ಕೊಟ್ಟರು: ಬೆನ್ನಿಗೆ ಮರಳಿನ ಚೀಲ, ಮೈದಾನಕ್ಕೆ ಹನ್ನೊಂದು ಸುತ್ತು. ಸುತ್ತು ಎಣಿಸುವ ಕೆಲಸ ಅಣ್ಣನದು. ಶಿಕ್ಷೆ ಮುಗಿಯುವವರೆಗೆ ನೀರಿಲ್ಲ, ಮಾತಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಹುಡುಗ ಎರಡು ಸಲ ನೀರು ಕೇಳಿದ. ಅಣ್ಣ ಸಾಹೇಬರ ಮುಖ ನೋಡಿದ. ಅವರು ತಲೆ ಅಡ್ಡ ಆಡಿಸಿದರು. ಹತ್ತನೆಯ ಸುತ್ತು ಮುಗಿಸಿ ಹುಡುಗ ಬಿದ್ದ. ಮತ್ತೆ ಏಳಲಿಲ್ಲ.

“ನನ್ನ ಟೊಂಕದಾಗ ನೀರಿನ ಬಾಟ್ಲಿ ಇತ್ತು, ಮಾಂತ್ಯಾ,” ಎಂದ ಅಣ್ಣ. “ತುಂಬಿದ್ದು.”

ವಿಚಾರಣೆ ನಡೆಯುತ್ತಿತ್ತಂತೆ. ಹುಡುಗ ತನ್ನ ಬೇನೆಯನ್ನು ಮುಚ್ಚಿಟ್ಟಿದ್ದ ಎಂದು ಬರೆದ ಕಾಗದಕ್ಕೆ ಅಣ್ಣ ಸಹಿ ಹಾಕಿದ್ದ. ಹಾಕು ಎಂದು ಹೇಳಿದ್ದರು, ಹಾಕಿದ. ರಜೆ ಮುಗಿಸಿ ಹೋದೊಡನೆ ಅದನ್ನೇ ಪ್ರಮಾಣ ಮಾಡಿ ಇನ್ನೊಮ್ಮೆ ಹೇಳಬೇಕಿತ್ತು.

“ಶಿಸ್ತು ಬ್ಯಾಡ ಅನ್ನಾಂವಲ್ಲ ನಾ. ಗಡಿ ಮ್ಯಾಲಿದ್ದಾಗ ಅದರಿಂದನ ಬದುಕೇನಿ. ಆದ್ರ ಹುಕುಂ ಬಂದ ಕೂಡ್ಲೆ ಕೈ ನನ್ನದಲ್ಲ, ಬಾಯಿ ನನ್ನದಲ್ಲ ಅಂದ್ರ… ನಾ ಯಾಂವ?”

ಅಷ್ಟರಲ್ಲಿ ಹಾದಿ ಬದಿಯ ದೊಡ್ಡ ಆಲದ ಮರ ಬಂತು.

ಜೀರುಂಡೆಗಳ ಸದ್ದು ಒಮ್ಮೆಗೇ ನಿಂತಿತು. ಯಾರೋ ಗುಂಡಿ ಒತ್ತಿ ಆರಿಸಿದ ಹಾಗೆ. ಆಗ ಹಿಂದಿನಿಂದ…

“ಉಸ್ತಾದ್ರೀ…”

ಸಣ್ಣ ದನಿ. ಒಣಗಿದ ಗಂಟಲಿನದು. ನನಗೂ ಕೇಳಿಸಿತು. ನಾನು ಅಣ್ಣನ ಮೊಣಕೈ ಹಿಡಿದು, “ಓ ಅನಬ್ಯಾಡ…” ಎನ್ನುವಷ್ಟರಲ್ಲಿ ಅವನ ಹಿಮ್ಮಡಿಗಳು ಠಕ್ಕೆಂದು ಕೂಡಿಕೊಂಡವು. ಹದಿನೆರಡು ವರ್ಷದ ಅಭ್ಯಾಸ. ಮೊದಲ ಕೂಗಿಗೇ ಅವನು ಉತ್ತರ ಕೊಟ್ಟಿದ್ದ.

“ಹಾಜರ್.”

ಹಿಂದೆ ಹೆಜ್ಜೆಗಳು ಶುರುವಾದವು. ಹಸಿ ಎರೆಮಣ್ಣಿನ ಹಾದಿಯಲ್ಲಿ ಮೆಟ್ಟು ಮಣ್ಣಿಗೆ ಅಂಟಿ ಚಪ್ ಚಪ್ ಎನ್ನಬೇಕು. ಇದು ಹಾಗಿರಲಿಲ್ಲ. ಗಟ್ಟಿ ನೆಲದ ಮೇಲೆ ಬೂಟು ಬಿದ್ದಂತೆ… ಠಪ್. ಠಪ್. ಠಪ್. ನಡುನಡುವೆ ಚೀಲದೊಳಗೆ ಮರಳು ಜರುಗುವ ಸದ್ದು… ಸರ್ರ್… ಸರ್ರ್. ನಾವು ನಡೆದರೆ ನಡೆಯಿತು. ನಿಂತರೆ, ನಿಂತಲ್ಲೇ ಕಾಲು ಕುಟ್ಟಿತು.

“ತಿರುಗಬ್ಯಾಡ,” ಎಂದ ಅಣ್ಣ, ಉಸಿರಿನಲ್ಲಿ.

“ಯಾರು?”

“ಅಂವ.”

ಅಣ್ಣ ಕಣ್ಣು ಮುಚ್ಚಿ ನಿಲ್ಲು ಎನ್ನುವ ಮೈದಾನದ ಆಜ್ಞೆ ಕೊಟ್ಟ. “ಥಮ್.”

ಠಕ್, ಠಕ್. ಎರಡೇ ಎಣಿಕೆಗೆ ಹೆಜ್ಜೆ ನಿಂತಿತು. ಸತ್ತ ಮೇಲೂ ಕವಾಯತು ತಪ್ಪಿರಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಆ ಕೂಗಿಗಲ್ಲ, ಆ ಹೆಜ್ಜೆಗಳಿಗೂ ಅಲ್ಲ… ಈ ವಿಧೇಯತೆಗೆ.

“ಒಂದು ಸುತ್ತು ಉಳದೈತ್ರಿ, ಉಸ್ತಾದ್ರೀ…”

ಹೆಜ್ಜೆ ಮತ್ತೆ ಎದ್ದಿತು. ಈಗ ನಮ್ಮ ಹಿಂದೆ ಅಲ್ಲ. ಮರದ ಎಡಕ್ಕೆ. ಬಿಳಲುಗಳು ಒಂದೊಂದಾಗಿ ಅಲುಗಿದವು, ಯಾರದೋ ಹೆಗಲು ತಾಗಿದಂತೆ. ಸುತ್ತು ಶುರುವಾಗಿತ್ತು.

ಅಣ್ಣ ನೆಲಕ್ಕೆ ಕುಸಿದ. ನಾನು ಅವನನ್ನು ಹಾಗೆ ಎಂದೂ ಕಂಡಿರಲಿಲ್ಲ. “ಓಡಬ್ಯಾಡ, ಸಂಗಪ್ಪಾ. ಇದು ಹುಕುಂ ಅಲ್ಲ, ನಾ ಬೇಡಿಕೊಳ್ತೇನಿ. ಯಾವ ಸುತ್ತೂ ಉಳದಿಲ್ಲ. ನಿನಗ ಆ ಶಿಕ್ಷಾ ಕೊಟ್ಟಿದ್ದ ತಪ್ಪು. ನಾ ಎಣಿಸಿಕೋತ ನಿಂತಿದ್ದು ಅದಕ್ಕಿಂತ ದೊಡ್ಡ ತಪ್ಪು.”

ಅವನ ಕೈಚೀಲದಲ್ಲಿ ಕುಂದಗೋಳದಲ್ಲಿ ಕೊಂಡ, ಇನ್ನೂ ತೆರೆಯದ ನೀರಿನ ಬಾಟಲಿಯಿತ್ತು. ಮುಚ್ಚಳ ತಿರುವಲು ನೋಡಿದ. ಅದು ಜಗ್ಗಲಿಲ್ಲ. ಹಾಗೆಯೇ ಬೇರಿನ ಸಂದಿಯಲ್ಲಿ ನಿಲ್ಲಿಸಿದ.

ಹೆಜ್ಜೆ ನಿಂತಿತು. ಮರಳಿನ ಚೀಲ ನೆಲಕ್ಕೆ ಇಳಿಸಿದಂತೆ ಒಂದು ಸದ್ದು… ಧೊಪ್. ಆಮೇಲೆ ಗಂಟಲಿನ ಸದ್ದು. ಗುಟುಕ್… ಗುಟುಕ್… ಗುಟುಕ್. ನಾವು ಮನೆ ಮುಟ್ಟುವವರೆಗೆ ತಿರುಗಿ ನೋಡಲಿಲ್ಲ.

ಅಣ್ಣ ಆ ರಾತ್ರಿ ಮಲಗಲಿಲ್ಲ. ಬೆಳಕು ಹರಿದೊಡನೆ ಇಬ್ಬರೂ ಮರದ ಬಳಿ ಹೋದೆವು. ಬಾಟಲಿ ಇಟ್ಟಲ್ಲೇ ಇತ್ತು. ಮುಚ್ಚಳದ ಕೆಳಗಿನ ಉಂಗುರ ಹರಿದಿರಲಿಲ್ಲ. ಒಳಗೆ ಒಂದು ಹನಿ ನೀರಿರಲಿಲ್ಲ. ತೂತು ಬಿದ್ದಿರಬೇಕೆಂದು ನಾನು ಎರಡೂ ಕೈಯಿಂದ ಅಮುಕಿ ನೋಡಿದೆ. ಗಾಳಿ ಎಲ್ಲಿಯೂ ಹೊರಗೆ ಬರಲಿಲ್ಲ. ಇದಕ್ಕೆ ಕಾರಣ ನನಗೆ ತಿಳಿದಿಲ್ಲ. ಆದರೆ ಹಿಡಿದು ನೋಡಿದ ಕೈ ಇದೇ, ಇಲ್ಲಿ ನಿಮ್ಮೆದುರಿಗಿದೆ.

ಮನೆಯ ಅಂಗಳದಲ್ಲಿ ಎಲ್ಲರೂ ಕೂಡಿದ್ದರು. ದೊಡ್ಡಪ್ಪ ಬೀರಲಿಂಗಪ್ಪ, ಅಜ್ಜಿ, ವೈನಿ. ಗದ್ದಲ ಕೇಳಿ ಬಾಜು ಮನೆಯ ಖಾಸಿಂಬಿ ಚಾಚಿಯೂ ಬಂದಿದ್ದರು. ಅಣ್ಣ ಒಂದನ್ನೂ ಬಿಡದೆ ಹೇಳಿದ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಇನ್ನು ಮೂರು ವರ್ಷ ಕಳೆದರೆ ಪಿಂಚಣಿ, ಮಾತು ಬದಲಿಸಿದರೆ ನೌಕರಿ ಹೋಗುತ್ತದೆ, ಜೈಲೂ ಆದೀತು, ಹೋದ ಹುಡುಗ ತಿರುಗಿ ಬರುತ್ತಾನೆಯೇ ಎಂದೆಲ್ಲ ತಿಳಿಸಿ ಹೇಳಿದರು.

“ಬರತಾನಪ್ಪಾ,” ಎಂದ ಅಣ್ಣ. “ನಿನ್ನೆ ಬಂದಿದ್ದ.”

ವೈನಿ ಎದ್ದು ಒಳಗೆ ಹೋಗಿ ಅವನ ಬಟ್ಟೆಯ ಚೀಲ ತಂದು ಅವನ ಪಕ್ಕದಲ್ಲಿಟ್ಟರು. ಅವನು ಎದ್ದು ನಿಂತ. ನೆಟ್ಟಗೆ ಅಲ್ಲ, ನಮ್ಮೂರಿನ ಎಲ್ಲರೂ ನಿಲ್ಲುವ ಹಾಗೆ.

“ಈಗ ಮೊದಲ ಅಣ್ಣಿಗೇರಿಗೆ ಹೋಗಿ, ಸಂಗನಬಸವನ ಅವ್ವನ ಮುಂದ ಕುಂತು, ನಿಮ್ಮ ಮಗಾ ನೀರು ಕೇಳಿದ್ದ, ನಾ ಕೊಡಲಿಲ್ಲರಿ ಅಂತ ಹೇಳತೇನಿ. ಆಮ್ಯಾಲ ರಜಾ ಮುಗಿಯೂದು ಕಾಯದ ಹೋಗಿ, ವಿಚಾರಣಿಯೊಳಗ ಅದನ್ನ ಬರಸತೇನಿ. ಇದು ನನ್ನ ನಿರ್ಧಾರ. ಯಾರ ಹುಕುಮೂ ಅಲ್ಲ.”