ಮೆಟ್ಟಿಲ ಮೇಲಿನ ತಟ್ಟೆ

"ಮಾಸ್ಕ್ ಮೇಲೆತ್ಕೊ, ಬೀದಿಯೋರು ಯಾರಾದ್ರೂ ನೋಡ್ತಾರೆ," ಎನ್ನುತ್ತ ಗಿರಿರಾಜ್ ಹೆಂಡತಿಯನ್ನು ಸಾಲಿನಲ್ಲಿ ಮುಂದಕ್ಕೆ ಸರಿಸಿದ.

ಬಸವೇಶ್ವರನಗರದ ಆ ಲ್ಯಾಬಿನ ಮುಂದೆ ಅವರ ಹಿಂದೆಯೇ ನಿಂತಿದ್ದ, ಅವರಿಗೆ ಪರಿಚಯವಿಲ್ಲದ ಯಶೋದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು, ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ.

"ಮನೇಲಿ ಕೊರೊನಾ ಬಂದಿದೆ ಅಂತ ಹೇಳಿ, ಇಲ್ಲಿ ಬಂದಿಲ್ಲ ಅಂತ ರಿಪೋರ್ಟ್ ತಗೊಳ್ಳೋಕೆ ನಿಂತಿದೀವಲ್ರೀ," ಎಂದಳು ನಿಖಿತಾ.

"ಮಾಲ್ಡೀವ್ಸ್‌ಗೆ ಹೋಗ್ತೀವಿ ಅಂದಿದ್ರೆ ಅಮ್ಮ ಕಳಿಸ್ತಿದ್ರಾ? ಮದುವೆಯಾಗಿ ವರ್ಷ ಆಯ್ತು, ಇಬ್ರೇ ಮೆಜೆಸ್ಟಿಕ್ಕಿಗೂ ಹೋಗಿಲ್ಲ. ಕೊರೊನಾ ಅಂದ್ರೆ ಮಹಡಿಗೆ ಯಾರೂ ಹತ್ತಲ್ಲ."

"ಅತ್ತೆ ಮೆಟ್ಟಿಲ ಮೇಲೆ ಊಟ ಇಡ್ತಾರಲ್ಲ, ಅದು?"

"ನಾವು ಹೋದ್ಮೇಲೆ ನನ್ನ ಫ್ರೆಂಡ್ ಸಿದ್ದಲಿಂಗೇಶ, ನಾವೀಗ ಇಳಿದು ಬಂದ ಹಿಂದಿನ ಮೆಟ್ಟಿಲಿಂದ್ಲೇ ಹತ್ತಿ, ಒಳಗಿರ್ತಾನೆ. ತಿಂದು ತಟ್ಟೆ ಹೊರಗಿಡ್ತಾನೆ. ಆಗಾಗ ಕೆಮ್ಮು ಅಂತಾನೂ ಹೇಳಿದೀನಿ."

ಯಶೋದಮ್ಮನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ನಿಖಿತಾಳ ಫೋನ್ ರಿಂಗಣಿಸಿತು. ರಸ್ತೆಯ ಗದ್ದಲದಲ್ಲಿ ಕೇಳಿಸದೆ ಅವಳು ಸ್ಪೀಕರ್ ಹಾಕಿದಳು.

"ತಟ್ಟಿ ಇನ್ನೂ ಹಂಗೇ ಐತಲ್ಲವ್ವ," ಎಂದಿತು ಅತ್ತೆಯ ದನಿ. "ಬಾಯಿಗೆ ರುಚಿ ಇಲ್ಲೇನು? ನೀವು ಉಂಡ ಮ್ಯಾಲೇ ನಾ ಉಣ್ಣೋದು. ಇಲ್ಲೇ ಕೆಳಗಿನ ಮೆಟ್ಟಿಲ ಮ್ಯಾಲೆ ಕುಂತೀನಿ. ಅವಸರ ಇಲ್ಲ."

"ಉಣ್ತೀವಿ ಅತ್ತೆ," ಎಂದು ನಿಖಿತಾ ಫೋನ್ ಇಟ್ಟಳು.

"ಐದೇ ದಿನ ಕಣೇ. ಆಮೇಲೆ ನಾವೇ ಹೇಳೋಣ."

"ಐದು ದಿನಾನೂ ಅತ್ತೆ ನಿಮ್ಮ ಫ್ರೆಂಡ್ ಉಣ್ಣೋದನ್ನ ಕಾಯ್ತಾ ಕೂರ್ತಾರಾ?"

ಒಳಗಿನಿಂದ ಅವಳ ಹೆಸರು ಕರೆದರು. ಗಿರಿರಾಜ್ ಟೋಕನ್ ಅವಳ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ.

"ಬೇಡ. ನಾನು ಬರಲ್ಲ."